ನಿಮ್ಮ ಕೃಪಾವರ ಯಾವುದು ಅಂತ ನಿಮಗೆ ಗೊತ್ತಾಗಿದ್ದು ಹೇಗೆ?

ಪ್ರಶ್ನೆ

ಎಲ್ಲರಿಗೂ ವಂದನೆಗಳು. ನನ್ನ ಊರು ಹಾಸನದ ಕಡೆ, ಕೆಲಸ ಬೆಂಗಳೂರಿನಲ್ಲಿ. ಚಿಕ್ಕಂದಿನಿಂದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚಿನಲ್ಲೇ ಬೆಳೆದವಳು. ಈಚೆಗೆ ಯೂತ್ ಕ್ಯಾಂಪಿನಲ್ಲಿ ನಮಗೆಲ್ಲ ಒಂದು ಪ್ರಶ್ನಾವಳಿ ಕೊಟ್ಟು, ಯಾರಿಗೆ ಯಾವ ಆತ್ಮಿಕ ವರ, ಅಂದರೆ ಸೇವೆಗಾಗಿ ಪವಿತ್ರಾತ್ಮನು ಕೊಡುವ ಕೃಪಾವರ, ಇದೆ ಅಂತ ಅಂಕ ಹಾಕಿ ಹೇಳಿದರು. ನನಗೆ ಬಂದಿದ್ದು 'ಆಡಳಿತ'. ಪಕ್ಕದವಳಿಗೆ 'ಪ್ರವಾದನೆ', ಅಂದರೆ ದೇವರು ತಿಳಿಸಿದ ಮಾತು ಹೇಳುವ ವರ! ಇತ್ತ ನನ್ನ ರೂಮ್‌ಮೇಟ್ ಹೋಗುವ ಸಭೆಯಲ್ಲಿ ಅನ್ಯಭಾಷೆ (ಪ್ರಾರ್ಥನೆಯಲ್ಲಿ ತಾನಾಗಿ ಬಾಯಿಗೆ ಬರುವ, ಕಲಿಯದ ಭಾಷೆ) ಬಾರದಿದ್ದರೆ ಪವಿತ್ರಾತ್ಮನ ಅಭಿಷೇಕವೇ ಆಗಿಲ್ಲ ಅಂತಾರೆ. ನಮ್ಮ ಸಭೆಯಲ್ಲಿ ಈ ಮಾತನ್ನೇ ಯಾರೂ ಎತ್ತುವುದಿಲ್ಲ. ನನಗೆ ಹಾಡಲು ಬರುವುದಿಲ್ಲ, ಮೈಕ್ ಕಂಡರೆ ಕೈಕಾಲು ನಡುಗುತ್ತದೆ. ನಿಮಗೆ ನಿಮ್ಮ ವರ ಹೇಗೆ ತಿಳಿಯಿತು? ತಿಳಿದ ಮೇಲೆ ಏನು ಮಾಡಿದಿರಿ? ಉಪದೇಶ ಬೇಡ, ಅನುಭವ ಹೇಳಿ.

ಉಡುಪಿ, ನಿವೃತ್ತ ಸಭಾಪಾಲಕ

ಸಭಾಪಾಲಕನಿಗೆ ಉಪದೇಶ ಬೇಡ ಅಂದರೆ ಕಷ್ಟ ಮಗಳೇ. ಪ್ರಯತ್ನ ಮಾಡುತ್ತೇನೆ.

ಮೊದಲು ಆ ಪ್ರಶ್ನಾವಳಿಯನ್ನು ಪಕ್ಕಕ್ಕಿಟ್ಟು ಬೈಬಲಿನಲ್ಲಿ ನಾಲ್ಕು ಕಡೆ ಓದಿ: ರೋಮಾಪುರದವರಿಗೆ 12, ಮೊದಲನೇ ಕೊರಿಂಥ 12, ಎಫೆಸ 4, ಮೊದಲನೇ ಪೇತ್ರ 4. ರೋಮಾಪುರದ ಪಟ್ಟಿಯಲ್ಲಿ ಏಳು ಇವೆ. ಕೊರಿಂಥದ ಅದೇ ಅಧ್ಯಾಯದಲ್ಲಿ 8ರಿಂದ 10ನೇ ವಚನದವರೆಗೆ ಒಂಬತ್ತು, ಮತ್ತೆ 28ರಲ್ಲಿ ಇನ್ನೊಂದು ಪಟ್ಟಿ. ಪೇತ್ರ ಬರೀ ಎರಡೇ ಬಗೆ ಹೇಳುತ್ತಾನೆ, ಮಾತಾಡುವುದು ಮತ್ತು ಸೇವೆ ಮಾಡುವುದು. ಒಂದು ಪಟ್ಟಿಗೂ ಇನ್ನೊಂದಕ್ಕೂ ತಾಳೆ ಆಗುವುದಿಲ್ಲ. ಅಂದರೆ ಈ ಪತ್ರಗಳನ್ನು ಬರೆದ ಪೌಲನೂ ಪೇತ್ರನೂ ನಮಗೆ ತುಂಬಲು ಫಾರಂ ಕೊಟ್ಟಿಲ್ಲ ಅಂತಾಯ್ತು.

ಇನ್ನು ಅನುಭವ. ನಾನಿದ್ದ ಒಂದು ಸಭೆಯಲ್ಲಿ ಒಬ್ಬ ಹಿರಿಯರಿದ್ದರು, ಬೇಸಾಯದವರು. ಪಾಠ ಓದಲು ನಿಂತರೆ ತಡವರಿಸುತ್ತಿದ್ದರು. ಆದರೆ ಊರಲ್ಲಿ ಬೇಲಿ ವಿಷಯಕ್ಕೆ ಜಗಳ ಬಂದರೆ ಎರಡೂ ಕಡೆಯವರು ಅವರಿಗೇ ಹೇಳಿ ಕಳಿಸುತ್ತಿದ್ದರು. ಎರಡೂ ಕಡೆಯವರು ಅನ್ನುವುದನ್ನು ಗಮನಿಸಿ. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಅವರು ಜಗಲಿಯಲ್ಲಿ ಕೂತು, ವೀಳ್ಯದೆಲೆಯ ತೊಟ್ಟು ಮುರಿಯುತ್ತ ಇಬ್ಬರ ಕತೆಯನ್ನೂ ಪೂರ್ತಿ ಕೇಳಿದರು. ನಡುವೆ ಒಂದು ಮಾತಿಲ್ಲ. ಕೊನೆಗೆ ಇಬ್ಬರಿಗೂ ಒಂದೊಂದೇ ಪ್ರಶ್ನೆ ಹಾಕಿದರು. ಅಷ್ಟಕ್ಕೇ ಇಬ್ಬರ ದನಿಯೂ ಇಳಿಯಿತು. ದಾರಿಯಲ್ಲಿ "ಇದು ದೇವರು ನಿಮಗೆ ಕೊಟ್ಟ ವರ" ಅಂದೆ. "ಅದರಲ್ಲೇನಿದೆ ಅಯ್ಯನವರೇ, ಸುಮ್ನೆ ಕೂತಿದ್ದೆ" ಅಂದರು. ನಾನು ಕಂಡ ಹೆಚ್ಚಿನವರ ಕತೆ ಇದೇ. ವರ ಇದ್ದವರಿಗೆ ಅದು ದೊಡ್ಡದು ಅನ್ನಿಸುವುದೇ ಇಲ್ಲ. ಹಾಗಾಗಿ 'ನನ್ನ ವರ ಯಾವುದು' ಅಂತ ನಿಮ್ಮನ್ನೇ ಕೇಳಿಕೊಳ್ಳಬೇಡಿ. ನಿಮ್ಮ ಜೊತೆ ಕೆಲಸ ಮಾಡಿದವರನ್ನು ಕೇಳಿ: ನಾನು ಬಿಟ್ಟುಹೋದರೆ ಯಾವ ಕೆಲಸ ನಿಲ್ಲುತ್ತದೆ?

ಇನ್ನೊಂದು ಮಾತು. ಮೈಕ್ ಒಂದೇ ಸೇವೆ ಅಂದುಕೊಂಡಿದ್ದರೆ ನಮ್ಮ ಕರಾವಳಿಯ ಸಭೆಗಳ ಚರಿತ್ರೆ ನೋಡಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಬಂದವರೆಲ್ಲ ಪ್ರಸಂಗ ಮಾಡುತ್ತ ಕೂರಲಿಲ್ಲ. 1841ರಲ್ಲಿ ಮುದ್ರಣಾಲಯ ಶುರುವಾಯಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು. ಅದೇ ಮಿಷನ್ನಿನ ಕಿಟೆಲ್ ವರ್ಷಗಟ್ಟಲೆ ಪದಗಳನ್ನು ಹೆಕ್ಕುತ್ತ ಕೂತರು, ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದಿದ್ದು 1894ರಲ್ಲಿ. ವಿಮೋಚನಕಾಂಡ 31ರಲ್ಲಿ ಬೆಚಲೇಲ ಎಂಬ ಕುಶಲಕರ್ಮಿಯನ್ನು ದೇವರು ತನ್ನ ಆತ್ಮದಿಂದ ತುಂಬಿಸಿದ್ದೂ ಚಿನ್ನ, ಬೆಳ್ಳಿ, ಮರದ ಕೆಲಸಕ್ಕೇ ಅಲ್ವಾ?

ಚಿಕ್ಕಮಗಳೂರು, ಸಭೆಯ ಖಜಾಂಚಿ

'ಆಡಳಿತ' ಬಂತು ಅಂತ ಯಾಕೆ ಮುಖ ಸಣ್ಣ ಮಾಡ್ಕೊಳ್ತೀರಿ! ನಾನು ಅದೇ ಪಂಗಡದವಳು. ಪೌಲ ಮೊದಲನೇ ಕೊರಿಂಥ 12:28ರಲ್ಲಿ ಗುಣಪಡಿಸುವ ವರದ ಸಾಲಿನಲ್ಲೇ ಇದನ್ನೂ ಇಟ್ಟಿದ್ದಾನೆ.

ನನಗೆ ತಿಳಿದಿದ್ದು ಸುಗ್ಗಿ ಹಬ್ಬದ ಹರಾಜಿನಲ್ಲಿ. ನೋಡಿದವರಿಗೆ ಗೊತ್ತು ಅದರ ಗಲಾಟೆ. ಕಾಫಿ, ಮೆಣಸು, ಬಾಳೆಗೊನೆ, ಸಿಹಿಗುಂಬಳ, ಕಾಲು ಕಟ್ಟಿದ ನಾಟಿ ಕೋಳಿ, ಎಲ್ಲ ಬಲಿಪೀಠದ ಮುಂದೆ ಬಂದಿರುತ್ತದೆ. ಆರಾಧನೆ ಮುಗಿದ ಮೇಲೆ ಹೊರಗೆ ಹರಾಜು. ಕೊಂಡವರು ಅದನ್ನೇ ಸಭೆಗೆ ವಾಪಸ್ ಕೊಡುತ್ತಾರೆ, ಅದೇ ಕೋಳಿ ಮತ್ತೆ ಹರಾಜಿಗೆ ಬರುತ್ತದೆ. ಒಬ್ಬರು ಕೂಗಿದ ಬೆಲೆ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. "ಆಮೇಲೆ ಕೊಡ್ತೀನಿ" ಅಂದವರು ಊಟ ಮಾಡಿ ಮನೆಗೆ ಹೋಗಿರುತ್ತಾರೆ. ಪ್ರತಿ ವರ್ಷ ಲೆಕ್ಕ ಹೊಂದದೆ ಮುಸುಮುಸು ಮಾತು.

ಒಂದು ವರ್ಷ ನಾನೇ ಉದ್ದನೆಯ ಪುಸ್ತಕ ತಂದು ಗೆರೆ ಹಾಕಿದೆ. ವಸ್ತು, ತಂದವರು, ಕೊಂಡವರು, ಕೂಗಿದ ಬೆಲೆ, ಕೈಗೆ ಬಂದದ್ದು, ಬಾಕಿ. ಹರಾಜು ಕೂಗುವವರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಕೋಳಿ ವಾಪಸ್ ಬಂದಾಗೆಲ್ಲ ಹೊಸ ಸಾಲು. ಒಂದು ಕಟ್ಟು ಕೊತ್ತಂಬರಿ ತಂದ ಅಜ್ಜಿಯ ಹೆಸರೂ ಎಸ್ಟೇಟಿನವರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಬರೆದೆ. ಸಂಜೆ ದುಡ್ಡೂ ಲೆಕ್ಕವೂ ಒಂದಾಯಿತು. ಮುಂದಿನ ಭಾನುವಾರ ಆ ಪುಸ್ತಕ ನೋಡಲು ಜನ ಸಾಲು ನಿಂತರು. ಅಜ್ಜಿ ತನ್ನ ಹೆಸರಿನ ಮೇಲೆ ಬೆರಳಿಟ್ಟು ಮೊಮ್ಮಗನ ಹತ್ತಿರ ಓದಿಸಿಕೊಂಡರು. ಆ ವರ್ಷ ಮುಸುಮುಸು ಇರಲಿಲ್ಲ. ಹಿರಿಯರೊಬ್ಬರು ಬಂದು "ಇನ್ನು ಇದನ್ನು ನೀನೇ ಮಾಡಬೇಕಮ್ಮ" ಅಂದರು. ನನ್ನ ಮಟ್ಟಿಗೆ ಅದೇ ಕರೆ. ದರ್ಶನ ಗಿರ್ಶನ ಏನೂ ಆಗಲಿಲ್ಲ.

ಅಪೊಸ್ತಲರ ಕೃತ್ಯಗಳು 6 ಓದಿ. ದಿನದ ಊಟ ಹಂಚುವಾಗ ಕೆಲವು ವಿಧವೆಯರು ಬಿಟ್ಟುಹೋಗುತ್ತಿದ್ದರು. ಅದನ್ನು ಸರಿಮಾಡಲು ಆರಿಸಿದ ಏಳು ಜನರಿಗೆ ಇರಬೇಕಾದ ಅರ್ಹತೆ ಏನು? ಪವಿತ್ರಾತ್ಮನಿಂದಲೂ ಜ್ಞಾನದಿಂದಲೂ ತುಂಬಿರಬೇಕು. ಊಟ ಬಡಿಸುವ ಕೆಲಸಕ್ಕೆ!

ಮೈಸೂರು

ಪ್ರಶ್ನಾವಳಿ ಕಸದ ಬುಟ್ಟಿಗೆ ಹಾಕಿ. 'ನಿಮಗೆ ಜನರ ಮುಂದೆ ಮಾತಾಡಲು ಇಷ್ಟವೇ' ಅಂತ ಕೇಳಿ, ಹೌದು ಅಂದರೆ ಬೋಧಿಸುವ ವರ ಅನ್ನುತ್ತದೆ. ನನಗೆ ಮಾತು ಬಾರದು ಅಂತ ದೇವರ ಹತ್ತಿರವೇ ಹೇಳಿದ ಮೋಶೆಗೆ ಇಷ್ಟ ಇತ್ತಾ?

ಧಾರವಾಡ, ಭಾನುವಾರ ಶಾಲೆಯ ಶಿಕ್ಷಕಿ

ಮೈಸೂರಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ಅಂಕ ನಂಬಬೇಡಿ. ಆದರೆ ನಮ್ಮ ಶಿಕ್ಷಕರೆಲ್ಲ ಒಟ್ಟಿಗೆ ಕೂತು, ಅದೇ ಕಾಗದ ಹಿಡಿದು ಒಬ್ಬರ ಬಗ್ಗೆ ಇನ್ನೊಬ್ಬರು ಹೇಳಿದೆವು. ಆಗ ಬಹಳ ಉಪಯೋಗ ಆಯಿತು. ಒಬ್ಬರು ತಮಗೆ ಕಲಿಸುವ ವರ ಇದೆ ಅಂದುಕೊಂಡಿದ್ದರು. ನಾವೆಲ್ಲ ಹೇಳಿದ್ದು ಬೇರೆ: ತರಗತಿಗೆ ಬಾರದ ಮಗುವಿನ ಮನೆಗೆ ಹುಡುಕಿಕೊಂಡು ಹೋಗುವವರು ನೀವೊಬ್ಬರೇ. ಈಗ ಅವರು ಪಾಠ ಮಾಡುವುದಿಲ್ಲ, ಮನೆ ಭೇಟಿಯೇ ಅವರ ಕೆಲಸ. ಬಾರ್ನಬನೂ ಹಾಗೇ ಅಲ್ವಾ? ಎಲ್ಲರೂ ಹೆದರಿ ದೂರ ಇಟ್ಟಿದ್ದ ಸೌಲನನ್ನು (ಮುಂದೆ ಪೌಲ ಅನ್ನಿಸಿಕೊಂಡವನನ್ನು) ಅಪೊಸ್ತಲರ ಹತ್ತಿರ ಕರೆದುಕೊಂಡು ಹೋದ. ಆಮೇಲೆ ತಾರ್ಸಕ್ಕೆ ಹುಡುಕಿಕೊಂಡು ಹೋಗಿ ಅಂತಿಯೋಕ್ಯಕ್ಕೆ ಕರೆತಂದ.

ಕೋಲಾರ

ನಾನು ಪೆಂತೆಕೊಸ್ತ್ ಸಭೆಯವನು. ರೂಮ್‌ಮೇಟ್ ಕಡೆಯಿಂದಲೂ ಒಬ್ಬರು ಮಾತಾಡಬೇಕಲ್ಲ.

ಅನ್ಯಭಾಷೆಯನ್ನು ಯಾರೂ ಗೇಲಿ ಮಾಡಬೇಡಿ. ನನಗೆ ಆ ವರ ಸಿಕ್ಕಿದ್ದು ಒಂದು ಉಪವಾಸ ಪ್ರಾರ್ಥನೆಯಲ್ಲಿ. ಅಪ್ಪ ತೀರಿಹೋಗಿದ್ದರು. ಪ್ರಾರ್ಥನೆಗೆ ಕೂತರೆ ಬಾಯಿಗೆ ಒಂದು ಮಾತೂ ಬರುತ್ತಿರಲಿಲ್ಲ. ಆ ದಿನ ಮೂಲೆಯಲ್ಲಿ ಗೋಡೆಗೆ ಹಣೆ ಹಚ್ಚಿ ಕೂತಿದ್ದೆ. ಯಾರೂ ತಲೆ ಮೇಲೆ ಕೈ ಇಟ್ಟಿರಲಿಲ್ಲ, "ಹೇಳು ಹೇಳು" ಅಂತ ಒತ್ತಾಯ ಮಾಡಿರಲಿಲ್ಲ. ತಾನಾಗಿ ಬಂತು, ಜೊತೆಗೆ ಅಳುವೂ ಬಂತು. ಇವತ್ತಿಗೂ ಒಂಟಿಯಾಗಿ ಪ್ರಾರ್ಥಿಸುವಾಗ ಅದು ನನಗೆ ದೊಡ್ಡ ಬಲ.

ಆದರೆ ನಿಮ್ಮ ಮೇಲೆ ಒತ್ತಡ ಹಾಕುವುದು ಸರಿಯಲ್ಲ. ಆತ್ಮನ ದೀಕ್ಷಾಸ್ನಾನಕ್ಕೆ ಅನ್ಯಭಾಷೆಯೇ ಮೊದಲ ಗುರುತು ಅಂತ ನಮ್ಮ ಅನೇಕ ಸಭೆಗಳು ಕಲಿಸುತ್ತವೆ, ಅಪೊಸ್ತಲರ ಕೃತ್ಯಗಳು 2, 10 ಮತ್ತು 19ನೇ ಅಧ್ಯಾಯ ತೋರಿಸುತ್ತವೆ. ಬೇರೆ ಸಭೆಗಳು ಒಪ್ಪುವುದಿಲ್ಲ. ಈ ವಾದ ನಾವು ನೀವು ಮುಗಿಸುವಂಥದ್ದಲ್ಲ. ಆದರೆ ಎಲ್ಲರೂ ಅನ್ಯಭಾಷೆ ಆಡುತ್ತಾರೋ ಅಂತ ಪೌಲ ಮೊದಲನೇ ಕೊರಿಂಥ 12:30ರಲ್ಲಿ ಕೇಳುವ ಪ್ರಶ್ನೆಗೆ 'ಇಲ್ಲ' ಅನ್ನುವುದೇ ಉತ್ತರ. ಸಭೆಯಲ್ಲಾದರೆ ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು. ಅರ್ಥ ಹೇಳುವವರಿಲ್ಲದಿದ್ದರೆ ಸುಮ್ಮನಿರಬೇಕು. ಅರ್ಥವಾಗದ ಹತ್ತು ಸಾವಿರ ಮಾತಿಗಿಂತ ಅರ್ಥವಾಗುವ ಐದು ಮಾತು ಮೇಲು. ಈ ನಿಯಮಗಳೆಲ್ಲ ಅದೇ ಪತ್ರದ 14ನೇ ಅಧ್ಯಾಯದಲ್ಲಿವೆ. ನಮ್ಮ ಪಾಸ್ಟರ್ ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಅದಕ್ಕೇ ನಾನು ಅಲ್ಲಿ ಉಳಿದುಕೊಂಡಿದ್ದೇನೆ.

ಪ್ರವಾದನೆಯ ವಿಷಯದಲ್ಲಿ ಇನ್ನೂ ಹುಷಾರು. ಒಂದು ಕೂಟದಲ್ಲಿ ಹೊರಗಿನಿಂದ ಬಂದ ಬೋಧಕರು ನನ್ನ ಚಿಕ್ಕಪ್ಪನ ಮಗಳಿಗೆ "ಈ ಹುಡುಗನನ್ನೇ ಮದುವೆಯಾಗಬೇಕೆಂದು ಕರ್ತನು ತೋರಿಸಿದ್ದಾನೆ" ಅಂದುಬಿಟ್ಟರು. ಮನೆಯವರು ತಬ್ಬಿಬ್ಬು. ಚಿಕ್ಕಪ್ಪ ಮಾತ್ರ ಶಾಂತವಾಗಿ, "ಮಗಳಿಗೂ ನಮಗೂ ಅದೇ ಕರ್ತನು ತಿಳಿಸಲಿ, ಕಾಯುತ್ತೇವೆ" ಅಂದರು. ಮದುವೆ ಆಗಲಿಲ್ಲ, ಆಕಾಶವೂ ಬೀಳಲಿಲ್ಲ. ಪ್ರವಾದಿ ಮಾತಾಡಿದರೆ ಉಳಿದವರು ವಿವೇಚಿಸಲಿ ಅಂತ ಇದೆ (14:29). ಹಾಗೆ ತೂಗಿನೋಡುವುದು ಅಪನಂಬಿಕೆ ಅಲ್ಲ.

ಮತ್ತೆ, ವರ ಬೇಕಾದರೆ ಇಷ್ಟು ಕಾಣಿಕೆ ಕೊಡಿ ಅಂದವರ ಹತ್ತಿರ ನಿಲ್ಲಲೇಬೇಡಿ. ಸಮಾರ್ಯದಲ್ಲಿ ಸಿಮೋನ ಆ ವರ ಕೊಳ್ಳಲು ದುಡ್ಡು ತಂದಾಗ, ನಿನ್ನ ದುಡ್ಡು ನಿನ್ನ ಜೊತೆಗೇ ಹಾಳಾಗಲಿ ಅಂದ ಪೇತ್ರ.

ಶಿವಮೊಗ್ಗ

ನಾನು ಕಥೋಲಿಕಳು. ನಮ್ಮಲ್ಲಿ ಇನ್ನೊಂದು ಗೊಂದಲ ಇದೆ, ಹೇಳಿಬಿಡುತ್ತೇನೆ. ಧರ್ಮೋಪದೇಶದ ತರಗತಿಯಲ್ಲಿ ಪವಿತ್ರಾತ್ಮರ ಏಳು ವರದಾನ ಬಾಯಿಪಾಠ ಮಾಡಿಸುತ್ತಾರೆ: ಜ್ಞಾನ, ವಿವೇಕ, ಸಲಹೆ, ಧೈರ್ಯ, ಅರಿವು, ಭಕ್ತಿ, ದೇವಭಯ. ಇವು ಯೆಶಾಯ 11ರಿಂದ ಬಂದವು, ದೃಢೀಕರಣ ಎಂಬ ಸಂಸ್ಕಾರ ಪಡೆದ ಎಲ್ಲರ ಬಾಳಿಗೂ ಬೇಕಾದವು. ಪೌಲ ಹೇಳುವ ವರಗಳು ಒಬ್ಬೊಬ್ಬರಿಗೆ ಒಂದೊಂದು, ಇನ್ನೊಬ್ಬರ ಒಳಿತಿಗಾಗಿ ಕೊಟ್ಟವು. ಎರಡನ್ನೂ ಕಲಸಿಕೊಂಡರೆ ತಲೆ ಕೆಡುತ್ತದೆ.

ನನ್ನ ಮಟ್ಟಿಗೆ ದಾರಿ ತೋರಿಸಿದ್ದು ಸಂತ ಇಗ್ನೇಷಿಯಸ್ ಕಲಿಸಿದ ರಾತ್ರಿಯ ಪ್ರಾರ್ಥನೆ. ಮಲಗುವ ಮುಂಚೆ ದಿನವನ್ನು ಒಮ್ಮೆ ತಿರುಗಿ ನೋಡುವುದು. ಎಲ್ಲಿ ಮನಸ್ಸು ಹಗುರಾಗಿ ದೇವರ ಹತ್ತಿರ ಬಂತು, ಎಲ್ಲಿ ಒಣಗಿತು. ಒಂದೇ ಸಾಲು ಬರೆದಿಡುತ್ತಿದ್ದೆ. ಆಗ ಧರ್ಮಕೇಂದ್ರದಲ್ಲಿ ಗಾಯನ ತಂಡದಲ್ಲೂ ಇದ್ದೆ, ಬಡವರ ಸೇವೆ ಮಾಡುವ ವಿನ್ಸೆಂಟ್ ದಿ ಪಾಲ್ ಸಂಘದವರ ಜೊತೆ ಆಸ್ಪತ್ರೆಗೂ ಹೋಗುತ್ತಿದ್ದೆ. ಪುಸ್ತಕ ತಿರುವಿದರೆ ಹಾಡಿನ ದಿನಗಳಲ್ಲಿ 'ಯಾರು ಮೆಚ್ಚಿದರು, ಯಾರು ಮೆಚ್ಚಲಿಲ್ಲ' ಅನ್ನುವುದೇ ಜಾಸ್ತಿ. ಆಸ್ಪತ್ರೆಯ ದಿನಗಳಲ್ಲಿ ನನ್ನ ಬಗ್ಗೆ ಏನೂ ಇಲ್ಲ, ಬರೀ ರೋಗಿಗಳ ಮಾತು. ಹಾಡು ಬಿಟ್ಟೆ. ದನಿ ಚೆನ್ನಾಗಿದೆ ಅಂತ ಬಿಡಬೇಡ ಅಂದವರೂ ಇದ್ದರು. ಚೆನ್ನಾಗಿ ಬರುವುದೆಲ್ಲ ವರ ಆಗಬೇಕೆಂದಿಲ್ಲ.

ಕುವೈತ್, ನರ್ಸ್

ನಾನು ಬೀದರ್ ಕಡೆಯವಳು. ನರ್ಸ್ ಅಂದಮೇಲೆ ಕರುಣೆಯ ವರ ಇರಲೇಬೇಕು ಅಂತ ಇಲ್ಲಿ ನಮ್ಮ ಕನ್ನಡ ಪ್ರಾರ್ಥನಾ ಕೂಟದವರೇ ತೀರ್ಮಾನ ಮಾಡಿದ್ದರು. ಯಾರಿಗೆ ಜ್ವರ ಬಂದರೂ ನನಗೇ ಫೋನ್. ನೈಟ್ ಡ್ಯೂಟಿ ಮುಗಿಸಿ ಮಲಗಿದವಳನ್ನು ಎಬ್ಬಿಸುತ್ತಿದ್ದರು. ಕರುಣೆ ತೋರಿಸುವವನು ಸಂತೋಷದಿಂದ ತೋರಿಸಲಿ ಅಂತ ರೋಮಾಪುರ 12:8ರಲ್ಲಿದೆ. ನನ್ನಲ್ಲಿ ಆ ಸಂತೋಷ ಚೂರೂ ಉಳಿದಿರಲಿಲ್ಲ.

ಒಂದು ದಿನ ಮಾರ್ಕ 1 ಓದುತ್ತಿದ್ದೆ. ಕಪೆರ್ನೌಮಿನಲ್ಲಿ ಎಲ್ಲರೂ ಹುಡುಕುತ್ತಿದ್ದಾರೆ ಅಂದರೂ ಯೇಸು ಬೇರೆ ಊರಿಗೆ ಹೋಗೋಣ ಅಂದ. ಆವತ್ತಿನಿಂದ ರಜೆಯ ದಿನ ಬಿಟ್ಟು ಬೇರೆ ದಿನ ಆರೋಗ್ಯದ ಫೋನ್ ತೆಗೆದುಕೊಳ್ಳುವುದಿಲ್ಲ ಅಂತ ಕೂಟದಲ್ಲೇ ಹೇಳಿದೆ. ಈಗ ನಾನು ಮಾಡುವುದು ಬೇರೆ. ಊರಿನಿಂದ ಹೊಸದಾಗಿ ಬಂದ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಹೆಣ್ಣುಮಕ್ಕಳ ಜೊತೆ ಬ್ಯಾಂಕಿಗೆ, ಸಿಮ್ ಕಾರ್ಡಿಗೆ, ಅಂಗಡಿಗೆ ಹೋಗುತ್ತೇನೆ. ಸುಸ್ತಾದರೂ ಬೇಜಾರಾಗುವುದಿಲ್ಲ. ನಮ್ಮ ವೃತ್ತಿ ನೋಡಿ ವರ ಹಂಚುವವರ ಮಾತು ಕೇಳಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಒಂದೇ ತೊಡಕು. ಜೊತೆಯಲ್ಲಿ ಕೆಲಸ ಮಾಡಿದವರನ್ನು ಕೇಳು ಅಂತೀರಿ. ಬೆಂಗಳೂರಿನ ಸಭೆಯಲ್ಲಿ ನನ್ನನ್ನು ಯಾರೂ ಬಲ್ಲವರಿಲ್ಲ. ಆರಾಧನೆ ಮುಗಿದರೆ ಬಸ್ ಹಿಡಿಯುತ್ತೇನೆ.

ಚಿಕ್ಕಮಗಳೂರು, ಸಭೆಯ ಖಜಾಂಚಿ

ಹಾಗಾದರೆ ಬಸ್ ಬಿಡಿ, ಮುಂದಿನದು ಹಿಡಿಯಿರಿ. ಬೇಸಿಗೆ ರಜೆಯಲ್ಲಿ ವಿ.ಬಿ.ಎಸ್. (ಮಕ್ಕಳ ರಜಾ ಬೈಬಲ್ ಶಾಲೆ) ಬರುತ್ತದೆ. ಹಾಡು ಕಲಿಸಲು, ಕತೆ ಹೇಳಲು ಜನ ಸಿಗುತ್ತಾರೆ. ಮಕ್ಕಳ ಹೆಸರು, ಅಪ್ಪ ಅಮ್ಮನ ಫೋನ್ ನಂಬರ್, ಯಾವ ಮಗುವಿಗೆ ಕಡಲೆಕಾಯಿ ಆಗಲ್ಲ, ಯಾರು ಕರೆದುಕೊಂಡು ಹೋಗಲು ಬರುತ್ತಾರೆ, ಇದನ್ನೆಲ್ಲ ಬರೆದುಕೊಳ್ಳಲು ಮಾತ್ರ ಯಾರೂ ಸಿಗುವುದಿಲ್ಲ. ಸಭಾಪಾಲಕರ ಹತ್ತಿರ ಹೋಗಿ ಆ ಟೇಬಲ್ ನನಗೆ ಕೊಡಿ ಅಂತ ಕೇಳಿ. ವಿ.ಬಿ.ಎಸ್. ಮುಗಿಯುವಷ್ಟರಲ್ಲಿ ಅರ್ಧ ಸಭೆಯ ಪರಿಚಯ ಆಗಿರುತ್ತದೆ. ಅಲ್ಲಿ ಮೈಕ್ ಕೂಡ ಇರಲ್ಲ.