ಏಳು ಮಲೆ ಎಪ್ಪತ್ತೇಳು ಮಲೆ: ಮಾದಪ್ಪನ ಕಾವ್ಯ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮೊದಲ ಸಲ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟಿದ್ದೇನೆ. ಅದಕ್ಕೂ ಮುಂಚೆ ಮಾದಪ್ಪನ, ಅಂದರೆ ಮಹದೇಶ್ವರನ, ಜನಪದ ಕಾವ್ಯ ಓದೋಣ ಅಂತ ಕೂತರೆ ಬರೀ ಮಲೆಗಳ ಹೆಸರು ಬರುತ್ತದೆ. ಆನೆಮಲೆ, ಜೇನುಮಲೆ, ಕಾನುಮಲೆ... ಇದೆಲ್ಲ ಸುಮ್ನೆ ಪ್ರಾಸಕ್ಕಾ? ಎಲ್ಲಿಂದ ಹಿಡಿಯಲಿ, ಹೇಳಿ.

ಉತ್ತರ 1:
ಪ್ರಾಸಕ್ಕಲ್ಲ ಸರ್. ನಾನು ಕೊಳ್ಳೇಗಾಲದ ಕಡೆಯವನು. ಚಿಕ್ಕವನಿದ್ದಾಗ ತಾತನ ಜೊತೆ ಬೆಟ್ಟದ ಬುಡದ ತಾಳಬೆಟ್ಟದಿಂದ ನಡೆದೇ ಹತ್ತುತ್ತಿದ್ದೆ. ದಣಿದು ಕೂತ ಕಡೆಯೆಲ್ಲ ತಾತ ಊರುಗೋಲೆತ್ತಿ ಒಂದೊಂದು ಮಲೆ ತೋರಿಸುತ್ತಿದ್ದರು. ಪೊನ್ನಾಚಿಮಲೆ ಅಂದರೆ ಸಾಕು, ಅಲ್ಲಿ ಪೊನ್ನಾಚಿ ಅನ್ನುವ ಊರೇ ಇದೆ. ಕೊಂಗುಮಲೆ ಅಂದಾಗ ಕೋಲು ತಮಿಳುನಾಡಿನ ಕಡೆ ತಿರುಗುತ್ತಿತ್ತು. ನನಗೆ ಆ ಹಾಡು ದಾರಿ ಹೇಳಿಕೊಟ್ಟಿದ್ದು ಹಾಗೆ.

ಓದುವುದಕ್ಕಿಂತ ಮೊದಲು ಕೇಳಿ. ಈ ಕಾವ್ಯ ಹಾಡುವವರು ಮಾದಪ್ಪನ ಒಕ್ಕಲಾದ ದೇವರಗುಡ್ಡರು. ಅವರ ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಅಂದರೆ ಕಂಸಾಳೆ ಇರುತ್ತದೆ, ಬಲಗೈಯಲ್ಲಿ ಕುಚ್ಚು ಕಟ್ಟಿದ ತಟ್ಟೆ. ಕತೆ ಮಾತಿಗೆ ಇಳಿದಾಗ ತಾಳ ಮೆತ್ತಗಾಗುತ್ತದೆ, ಪದ ಏರಿದಾಗ ಎದೆಗೇ ಬಡಿದ ಹಾಗಿರುತ್ತದೆ. ಒಂದು ರಾತ್ರಿಗೆ ಮುಗಿಯುವ ಕಾವ್ಯ ಅಲ್ಲ ಇದು. ಅದಕ್ಕೇ ಸಾಲು ಸಾಲಾಗಿ, ಅಂದರೆ ಒಂದೊಂದು ಕತೆಯಾಗಿ ಹಾಡುತ್ತಾರೆ: ಶ್ರವಣನ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು.

ಉತ್ತರ 2:
ಸಂಕಮ್ಮನಿಂದಲೇ ಶುರು ಮಾಡಿ. ಅವಳ ಗಂಡ ನೀಲೇಗೌಡ ಕಾಡಿನಲ್ಲಿ ಬಾಳುವ ಸೋಲಿಗರವನು. ಕಾಡಿಗೆ ಹೊರಡುವ ಮುಂಚೆ, ನಾನಿಲ್ಲದಾಗ ತಪ್ಪು ಮಾಡುವುದಿಲ್ಲ ಅಂತ ಬಲಗೈ ಭಾಷೆ ಕೊಡು ಅನ್ನುತ್ತಾನೆ. ಮಾಡದ ತಪ್ಪಿಗೆ ನಾನೇಕೆ ಭಾಷೆ ಕೊಡಲಿ ಅಂತ ಅವಳು ಕೊಡುವುದಿಲ್ಲ. ಅದಕ್ಕೆ ಎಷ್ಟು ಹಿಂಸೆ ಉಂಡರೂ ಕೊಡುವುದಿಲ್ಲ. ಆಮೇಲೆ ಮಾದಪ್ಪ ಬಂದು ಮಕ್ಕಳ ವರ ಕೊಡುತ್ತಾನೆ, ಕಾರಯ್ಯ ಬಿಲ್ಲಯ್ಯ ಹುಟ್ಟುತ್ತಾರೆ. ನಮ್ಮಮ್ಮ ಈ ಕತೆ ಕೇಳುವಾಗ ವರದ ಭಾಗಕ್ಕಲ್ಲ, ಅವಳು ಕೈ ಹಿಂದಕ್ಕೆ ಎಳೆದುಕೊಳ್ಳುವಲ್ಲಿ ಅಳುತ್ತಿದ್ದಳು. ನಾನೂ ಅಷ್ಟೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತಾಳಬೆಟ್ಟದಿಂದ ನಡೆದೇ ಹತ್ತಬಹುದಾ?

ಉತ್ತರ 1:
ಹತ್ತಬಹುದು, ಆದರೆ ಹಗಲು ಹೊತ್ತು, ಜನರ ಜೊತೆ. ಆನೆ ಓಡಾಡುವ ಕಾಡು, 2013ರಿಂದ ವನ್ಯಧಾಮ ಬೇರೆ. ಹೊರಡುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ. ಒಂದು ತಿಂಗಳು ತಡವಾದರೂ ಪರವಾಗಿಲ್ಲ ಅಂದರೆ ದೀಪಾವಳಿಗೆ ಬನ್ನಿ. ಆಗ ನಡೆಯುವ ಹಾಲರವೆ ಉತ್ಸವದ ದಿನ, ದೇವಸ್ಥಾನದ ಪೂಜೆ ಮಾಡುವ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಾಲಹಳ್ಳ ಅನ್ನುವ ಹಳ್ಳದಿಂದ ನೀರು ಹೊತ್ತು ಸಾಲಾಗಿ ಬರುತ್ತಾರೆ. ಅವತ್ತು ಬೆಳಗ್ಗೆ ಬೇಗ ಎದ್ದು ದಾರಿಯ ಪಕ್ಕ ನಿಂತಿರಿ.