ಎಲೆಕ್ಟ್ರಿಕಲ್ ಅಸೋಸಿಯೇಷನ್ ಸೆಕ್ರೆಟರಿ ಆಗಿದ್ದೇನೆ, ಜನ ಬರೋದೇ ಇಲ್ಲ. ನಿಮ್ಮ ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜೊಂದರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಐದನೇ ಸೆಮ್. ಈ ವರ್ಷ ಡಿಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೆ ನನ್ನನ್ನು ಸೆಕ್ರೆಟರಿ ಮಾಡಿದ್ದಾರೆ. ಹೋದ ವರ್ಷ ನಡೆದಿದ್ದು ಎರಡೇ ಕಾರ್ಯಕ್ರಮ, ಒಂದು ಉದ್ಘಾಟನೆ, ಒಂದು ಗೆಸ್ಟ್ ಲೆಕ್ಚರ್. ಅಟೆಂಡೆನ್ಸ್ ಕೊಡುತ್ತೇವೆ ಅಂದಿದ್ದಕ್ಕೆ ಬಂದವರೇ ಎಲ್ಲ. ಕೈಯಲ್ಲಿರೋದು 15 ಸಾವಿರ ರೂಪಾಯಿ. ದೊಡ್ಡದಾಗಿ ಫೆಸ್ಟ್ ಮಾಡೋಣ ಅಂತ ಕ್ಲಾಸಿನವರು ಹೇಳುತ್ತಿದ್ದಾರೆ. ನಿಮ್ಮ ಕಾಲೇಜಲ್ಲಿ ಯಾವುದು ಕೈ ಹಿಡಿಯಿತು, ಯಾವುದು ಕೈಕೊಟ್ಟಿತು?

ಹಳೆ ಸೆಕ್ರೆಟರಿ, ಈಗ ಮೈಸೂರಲ್ಲಿ ಕೆಲಸ:
ಫೆಸ್ಟ್ ಈ ವರ್ಷ ಬೇಡ ತಮ್ಮಾ. ನಾವು ಮಾಡಿ ನೋಡಿದ್ದೇವೆ. ಸ್ಟೇಜು, ಫ್ಲೆಕ್ಸು, ಮೆಮೆಂಟೊ, ಅತಿಥಿಗಳಿಗೆ ಶಾಲು ಹಾರ ಅಂತ ವರ್ಷದ ದುಡ್ಡೆಲ್ಲ ಒಂದೇ ದಿನಕ್ಕೆ ಖಾಲಿ ಆಯಿತು. ಮಾರನೇ ದಿನದಿಂದ ಅಸೋಸಿಯೇಷನ್ ಅನ್ನೋದು ಯಾರ ನೆನಪಲ್ಲೂ ಇರಲಿಲ್ಲ.

ಮುಂದಿನ ವರ್ಷ ಒಂದೇ ಒಂದು ಕೆಲಸ ಹಿಡಿದೆವು. ಪ್ರತಿ ಶನಿವಾರ ಮಧ್ಯಾಹ್ನ 2ರಿಂದ 4, ಲ್ಯಾಬ್ ಪಕ್ಕದ ರೂಮಲ್ಲಿ ರಿಪೇರಿ. ಹಾಸ್ಟೆಲ್‌ನಿಂದ, ಕ್ಯಾಂಟೀನ್‌ನಿಂದ, ಹಿಂದಿನ ಬೀದಿಯ ಮನೆಗಳಿಂದ ಕೆಟ್ಟ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ತರಿಸಿಕೊಂಡೆವು. ಮೊದಲನೇ ವಾರ ಒಬ್ಬ ಅಜ್ಜಿ ಮಿಕ್ಸಿಯನ್ನು ಹಳೇ ಟವೆಲ್‌ನಲ್ಲಿ ಸುತ್ತಿಕೊಂಡು ಬಂದರು. 'ಸುಟ್ಟೇ ಹೋಗಿದೆ ಕಣಪ್ಪಾ' ಅಂದರು. ಮೂರನೇ ಸೆಮ್ ಹುಡುಗಿಯೊಬ್ಬಳು ಅದನ್ನು ಮಗುಚಿ ಹಾಕಿ, ಅಡಿಯಲ್ಲಿದ್ದ ಕೆಂಪು ಬಟನ್ ಒತ್ತಿದಳು. ಓವರ್‌ಲೋಡ್ ಆಗಿ ಟ್ರಿಪ್ ಆಗಿತ್ತು, ಅಷ್ಟೇ. ಮಿಕ್ಸಿ ಗುಯ್ ಅಂದ ಕೂಡಲೇ ಅಜ್ಜಿ ಅವಳ ಗಲ್ಲ ಸವರಿ ನೆಟಿಗೆ ಮುರಿದರು. ಮುಂದಿನ ಶನಿವಾರ ಒಂದು ಡಬ್ಬಿ ಕೋಡುಬಳೆ ಬಂತು, ಜೊತೆಗೆ ಪಕ್ಕದ ಮನೆಯ ಮಿಕ್ಸಿ. ಅದರಲ್ಲಿ ಮಾತ್ರ ನಿಜವಾಗಿ ಕಾರ್ಬನ್ ಬ್ರಷ್ ಸವೆದು ಕಿಡಿ ಹಾರುತ್ತಿತ್ತು.

ಫ್ಯಾನ್ ಅಂತೂ ಲೆಕ್ಕವಿಲ್ಲದಷ್ಟು ಬಂದವು. ಕೈಯಲ್ಲಿ ತಳ್ಳಿದರೆ ತಿರುಗುತ್ತದೆ, ತಾನಾಗಿ ಹೊರಡಲ್ಲ ಅಂದರೆ ಬಹುತೇಕ ಕೆಪಾಸಿಟರ್ (ಚಾರ್ಜ್ ಹಿಡಿದಿಡೋ, ಮೋಟಾರು ಹೊರಡೋದಕ್ಕೆ ನೆರವಾಗೋ ಭಾಗ) ಹೋಗಿರುತ್ತದೆ. ಸೀಲಿಂಗ್ ಫ್ಯಾನಿಗೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್, ಹಳೇದರ ಮೇಲೆ ಬರೆದಿರೋದನ್ನು ನೋಡಿ ಅದೇ ತರಬೇಕು. ಸಿಂಗಲ್ ಫೇಸ್ ಮೋಟಾರು ಇನ್ನೊಂದು ವೈಂಡಿಂಗ್‌ನ (ತಂತಿ ಸುರುಳಿಯ) ಸಹಾಯ ಇಲ್ಲದೆ ಹೊರಡಲ್ಲ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡವರೇ ನಾವೆಲ್ಲ, ಆದರೆ ಅದು ತಲೆಗೆ ಇಳಿದಿದ್ದು ಆ ರೂಮಲ್ಲಿ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡ. ಲ್ಯಾಬ್ ಇನ್‌ಸ್ಟ್ರಕ್ಟರ್ ಎದುರಿಗಿಲ್ಲದೆ ಒಂದು ಸ್ಕ್ರೂ ಕೂಡ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. ನಮ್ಮಲ್ಲಿ ಒಬ್ಬನಿಗೆ ಹಾಗೆ ಹೊಡೆಯಿತು, ದೊಡ್ಡ ಅನಾಹುತ ಆಗಲಿಲ್ಲ, ಆದರೆ ಎರಡು ವಾರ ಎಲ್ಲ ನಿಲ್ಲಿಸಿದೆವು. ಆಮೇಲಿಂದ ರೆಸಿಸ್ಟರ್ ಇಟ್ಟು ಡಿಸ್ಚಾರ್ಜ್ ಮಾಡಿ, ಮೀಟರ್‌ನಲ್ಲಿ ನೋಡಿ, ಆಮೇಲೇ ಕೈ ಹಾಕೋದು.

ಕನ್ನಡ ಮೀಡಿಯಂನಿಂದ ಬಂದವಳು, ಫೈನಲ್ ಇಯರ್:
ಅಣ್ಣ ಹೇಳಿದ್ದು ಸರಿ, ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಕನ್ನಡದಲ್ಲಿ ಮಾತಾಡಿ. ಮೊದಲ ಎರಡು ವರ್ಷ ನಾನು ಅಸೋಸಿಯೇಷನ್ ಕಡೆ ತಲೆಯೇ ಹಾಕಲಿಲ್ಲ, ಯಾಕೆಂದರೆ ಎದ್ದು ನಿಂತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳೋದಕ್ಕೆ ಭಯ. ಒಂದು ದಿನ ಸೀನಿಯರ್ ಅಕ್ಕ ಒಬ್ಬರು ಇಂಡಕ್ಷನ್ ಮೋಟಾರಿನ ಸ್ಲಿಪ್ ಬಗ್ಗೆ, ಅಂದರೆ ಒಳಗೆ ತಿರುಗೋ ಭಾಗವಾದ ರೋಟರ್ ಕಾಂತಕ್ಷೇತ್ರಕ್ಕಿಂತ ಹಿಂದೆ ಬೀಳೋದರ ಬಗ್ಗೆ ಹೇಳುತ್ತಾ, 'ರೋಟರ್ ಯಾವತ್ತೂ ಆ ತಿರುಗೋ ಫೀಲ್ಡಿಗಿಂತ ಒಂದು ಹೆಜ್ಜೆ ಹಿಂದೇನೇ ಕಣೇ, ಸಮಸಮ ಬಂದುಬಿಟ್ಟರೆ ಅದನ್ನ ಎಳೆಯೋರೇ ಇರಲ್ಲ' ಅಂದರು. ಕ್ಲಾಸಲ್ಲಿ ಮೂರು ಸಲ ಕೇಳಿ ಗೊತ್ತಾಗದೇ ಇದ್ದದ್ದು ಆ ಒಂದು ಮಾತಿಗೆ ಗೊತ್ತಾಯಿತು. ಅವತ್ತಿನಿಂದ ನಾನು ಒಂದು ಶನಿವಾರವೂ ತಪ್ಪಿಸಿಲ್ಲ. ಪೋಸ್ಟರ್ ಕೂಡ ಕನ್ನಡದಲ್ಲಿ ಹಾಕಿ ನೋಡಿ, ಸುಮ್ನೆ ಹಿಂದಿನ ಬೆಂಚಲ್ಲಿ ಕೂತಿರೋರು ಬರುತ್ತಾರೆ.

ಫ್ಯಾಕಲ್ಟಿ ಕೋಆರ್ಡಿನೇಟರ್ ಆಗಿದ್ದವರು:
ಗೆಸ್ಟ್ ಲೆಕ್ಚರ್ ದುಡ್ಡನ್ನು ಬಸ್ಸಿಗೆ ಹಾಕಿ. ನಾವು ಮಕ್ಕಳನ್ನು ಶಿವನಸಮುದ್ರದ ಜಲವಿದ್ಯುತ್ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆವು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹತ್ತಿದ್ದೂ ಅದರಿಂದಲೇ. ಟ್ರಾನ್ಸ್‌ಮಿಷನ್ ಲೈನ್ ಪಾಠ ಅಲ್ಲಿ ನಿಂತು ಹೇಳಿದರೆ ಅದರ ತೂಕವೇ ಬೇರೆ. ಒಳಗೆ ಬಿಡೋದಕ್ಕೆ ಕೆಪಿಸಿಯವರ (ಕರ್ನಾಟಕ ವಿದ್ಯುತ್ ನಿಗಮ) ಅನುಮತಿ ಬೇಕು, ಪ್ರಿನ್ಸಿಪಾಲರ ಪತ್ರ ಆದಷ್ಟು ಬೇಗ ಕಳಿಸಿ.

ಇನ್ನೊಂದು. ಡಿಗ್ರಿಗೆ ಪಾಠದ ಹೊರಗಿನ ಕೆಲಸಕ್ಕೆ ಸಿಗೋ 100 ಆಕ್ಟಿವಿಟಿ ಪಾಯಿಂಟ್ ಬೇಕಲ್ವಾ, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರೋ ಲ್ಯಾಟರಲ್ ಎಂಟ್ರಿಯವರಿಗೆ 75. ಊರಿನವರಿಗೆ ಉಪಯೋಗ ಆಗೋ ರಿಪೇರಿ ಕೆಲಸ ಅದಕ್ಕೆ ಸೇರುತ್ತದಾ ಅಂತ ನಿಮ್ಮ ಮೇಷ್ಟ್ರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ, ದಿನಾಂಕ, ಫೋಟೋ, ಗಂಟೆ ಬರೆದಿಡಿ. ಫೈನಲ್ ಇಯರ್‌ನವರಿಗೆ ಐಐಎಸ್‌ಸಿ ಕ್ಯಾಂಪಸ್ಸಿನಲ್ಲಿರುವ ಕೆಎಸ್‌ಸಿಎಸ್‌ಟಿಯ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ಪ್ರಾಜೆಕ್ಟ್ ಧನಸಹಾಯದ ಬಗ್ಗೆ ಈಗಲೇ ತಿಳಿಸಿ. ಎಷ್ಟೋ ಮಕ್ಕಳಿಗೆ ಅದು ಗೊತ್ತಾಗೋ ಹೊತ್ತಿಗೆ ಕೊನೇ ದಿನ ದಾಟಿರುತ್ತದೆ.

ಮತ್ತೆ ಹಳೆ ಸೆಕ್ರೆಟರಿ:
ಮರೆತಿದ್ದೆ. ಲೆಕ್ಕದ ಪುಸ್ತಕವನ್ನು ಈಗಿಂದಲೇ ಮೂರನೇ ಸೆಮ್‌ನವರ ಕೈಗೆ ಕೊಡು. ನಾವು ಕೊನೆಯ ವಾರ ಎಲ್ಲ ಒಪ್ಪಿಸಿ ಹೊರಟೆವು, ಟೂಲ್ ಕಿಟ್ ಯಾವ ಬೀರುವಿನಲ್ಲಿದೆ ಅಂತಲೂ ಅವರಿಗೆ ಗೊತ್ತಿರಲಿಲ್ಲ. ಎರಡು ವರ್ಷ ಆ ರೂಮಿಗೆ ಬೀಗ ಬಿತ್ತು. ಅದು ನನಗೆ ಇವತ್ತಿಗೂ ನೋವು.

ಕೇಳಿದವನು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಜೆ ಹಾಸ್ಟೆಲ್ ವಾರ್ಡನ್ ಹತ್ತಿರ ಹೋಗಿದ್ದೆ. ಸ್ಟೋರ್ ರೂಮಲ್ಲಿ 11 ಫ್ಯಾನ್ ಬಿದ್ದಿವೆಯಂತೆ. ಇನ್‌ಸ್ಟ್ರಕ್ಟರ್ ಸರ್ ಈ ಶನಿವಾರ ಬರುತ್ತೇನೆ ಅಂದಿದ್ದಾರೆ. ಮೂರನೇ ಸೆಮ್‌ನಿಂದ ನಾಲ್ಕು ಜನ ಹೆಸರು ಕೊಟ್ಟಿದ್ದಾರೆ.