ಮೀನಿನ ತೊಟ್ಟಿಯಲ್ಲಿ ‘ಕ್ಲೋಸ್ ಎನ್‌ಕೌಂಟರ್ಸ್’ ಮೋಡ: ಬಣ್ಣ ತಳಕ್ಕೆ ಬೀಳ್ತಿದೆ, ಎಲ್ಲಿ ತಪ್ಪು?

ಕ್ಯಾತ್ಸಂದ್ರ_ವಿಜ್ಞಾನಕೂಟ (ತುಮಕೂರು)

ಎಲ್ಲರಿಗೂ ನಮಸ್ಕಾರ. ಸ್ಪೀಲ್‌ಬರ್ಗ್ ಅವರ 1977ರ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’ ಚಿತ್ರದಲ್ಲಿ ಪುಟ್ಟ ಹುಡುಗನನ್ನು ಅನ್ಯಲೋಕದವರು ಕರೆದೊಯ್ಯೋಕೆ ಮುಂಚೆ ತೋಟದ ಮನೆ ಮೇಲೆ ಮೋಡ ಕುದಿಯೋ ಹಾಗೆ ಉರುಳುತ್ತಲ್ಲ, ಅದನ್ನು ಹೈಸ್ಕೂಲ್ ಮಕ್ಕಳ ವಿಜ್ಞಾನ ಪ್ರದರ್ಶನದಲ್ಲಿ ಮಾಡಿ ತೋರಿಸಬೇಕು. ಅದು ಕಂಪ್ಯೂಟರಿನಲ್ಲಿ ಮಾಡಿದ್ದಲ್ಲ, ನೀರಿನ ತೊಟ್ಟಿಯಲ್ಲಿ ಬಣ್ಣ ಬಿಟ್ಟು ತೆಗೆದಿದ್ದು ಅಂತ ಗೊತ್ತು.

ತೊಟ್ಟಿ 24 ಇಂಚು ಉದ್ದ, 12 ಅಗಲ, 15 ಎತ್ತರ. ಕೆಳಗೆ ಅರ್ಧ ಉಪ್ಪುನೀರು, ಮೇಲೆ ಅರ್ಧ ಸಾದಾ ನೀರು. ಉಪ್ಪು ಹಾಕಿದ್ದು ಕಾಲು ಕೆಜಿ. ಸಾದಾ ನೀರನ್ನು ಬಕೆಟ್ಟಿನಿಂದ ನಿಧಾನವಾಗಿಯೇ ಸುರಿದಿದ್ದು. ಬಿಳಿ ಪೋಸ್ಟರ್ ಕಲರನ್ನು ಡಬ್ಬಿಯಿಂದ ಹಾಗೇ ಸಿರಿಂಜಿಗೆ ಎಳೆದು ಬಿಟ್ಟರೆ ಹಗ್ಗದ ಥರ ನೆಟ್ಟಗೆ ತಳಕ್ಕೆ ಇಳಿದು ಗಾಜಿನ ಮೇಲೆ ಹರಡಿಕೊಳ್ಳುತ್ತೆ. ಹತ್ತು ನಿಮಿಷದಲ್ಲಿ ಇಡೀ ತೊಟ್ಟಿ ಮಜ್ಜಿಗೆ. ಮೋಡದ ಆಕಾರ ಒಂದು ಸಲವೂ ಬಂದಿಲ್ಲ.

ಇನ್ನೊಂದು. ಚಿತ್ರದಲ್ಲಿ ಅನ್ಯಲೋಕದವರ ಜೊತೆ ಮಾತಾಡೋಕೆ ಬಳಸೋ ಆ ಐದು ಸ್ವರಗಳನ್ನು ಮಕ್ಕಳೇ ಕೀಬೋರ್ಡಿನಲ್ಲಿ ನುಡಿಸ್ತಾರೆ. ಸ್ವರ ಸರಿಯಾಗಿಯೇ ಇದೆ ಅನ್ನಿಸಿದರೂ ಕೇಳೋಕೆ ಚಿತ್ರದ ಹಾಗಿಲ್ಲ. ತಿಳಿದವರು ಹೇಳಿ.

ಬಂಗಾರಪೇಟೆ_ರೀಲು (ಕೋಲಾರ)

ಸರ್, ಎರಡು ತಪ್ಪಾಗಿದೆ, ಎರಡೂ ತೂಕದ್ದೇ. ಈ ಮೋಡ ನಿಲ್ಲೋದು ಬಣ್ಣದಿಂದ ಅಲ್ಲ, ಎರಡು ನೀರಿನ ತೂಕದ ವ್ಯತ್ಯಾಸದಿಂದ. ಬಣ್ಣದ ನೀರು ಮೇಲಿನ ಸಾದಾ ನೀರಿಗಿಂತ ಭಾರ ಇರಬೇಕು, ಕೆಳಗಿನ ಉಪ್ಪುನೀರಿಗಿಂತ ಹಗುರ ಇರಬೇಕು. ಆಗ ಅದು ಇಳಿಯುತ್ತಾ ಬಂದು ಎರಡು ನೀರು ಸೇರೋ ಗಡಿಯ ಮೇಲೆ ಕೂತು ಪಕ್ಕಕ್ಕೆ ಉರುಳುತ್ತೆ. ತಳ ಚಪ್ಪಟೆ, ತಲೆ ಉಬ್ಬು: ಮಳೆಮೋಡದ ಆಕಾರ ಅದೇ.

ನಿಮ್ಮ ತೊಟ್ಟಿಯಲ್ಲಿ ಕೆಳಗಿನ 15 ಸೆಂಟಿಮೀಟರಿಗೆ ಸುಮಾರು 27 ಲೀಟರ್ ಹಿಡಿಯುತ್ತೆ. ಅದಕ್ಕೆ ಕಾಲು ಕೆಜಿ ಅಂದರೆ ಲೀಟರಿಗೆ 9 ಗ್ರಾಂ ಉಪ್ಪು. ತೂಕ ಏರೋದು ಲೀಟರಿಗೆ ಆರೇಳು ಗ್ರಾಂ ಮಾತ್ರ, ಏನೂ ಸಾಲದು. ಲೀಟರಿಗೆ 50 ಗ್ರಾಂ ಹಾಕಿ, ಒಟ್ಟು 1.35 ಕೆಜಿ. ಆಗ ಲೀಟರಿಗೆ 30 ಗ್ರಾಂಗಿಂತ ಸ್ವಲ್ಪ ಹೆಚ್ಚೇ ಏರುತ್ತೆ, ಸಮುದ್ರದ ನೀರಿಗಿಂತ ಒಂದಿಷ್ಟು ಭಾರ. ಮೊಟ್ಟೆ ತೇಲೋ ತನಕ ಉಪ್ಪು ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮೊಟ್ಟೆ ತೇಲೋಕೆ ಇದರ ಎರಡರಷ್ಟು ಬೇಕು, ಅಷ್ಟಾದರೆ ಗಡಿಯಲ್ಲಿ ಬೆಳಕು ಬಾಗಿ ಹಿಂದಿನದೆಲ್ಲ ಬಿಸಿಲುಗುದುರೆ ಥರ ನಡುಗುತ್ತೆ.

ಪುಡಿ ಉಪ್ಪಿನಲ್ಲಿ ಗಟ್ಟಿಯಾಗದ ಹಾಗೆ ಬೆರೆಸಿರೋ ಪುಡಿ ಇರುತ್ತೆ, ನೀರು ಮಬ್ಬಾಗುತ್ತೆ. ಕಲ್ಲುಪ್ಪೇ ವಾಸಿ. ಅದರಲ್ಲಿ ಮಣ್ಣಿರುತ್ತೆ, ಅದಕ್ಕೆ ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಕರಗಿಸಿ, ಹಳೇ ಪಂಚೆ ನಾಲ್ಕು ಮಡಿಕೆ ಮಾಡಿ ಸೋಸಿ, ಬೆಳಗ್ಗೆ ತಳದ ಎರಡಂಗುಲ ಬಿಟ್ಟು ಮೇಲಿನ ತಿಳಿಯನ್ನು ಪೈಪಿನಲ್ಲಿ ಎಳೆದುಕೊಳ್ಳಿ.

ಈಗ ಬಣ್ಣ. ಪೋಸ್ಟರ್ ಕಲರ್ ಒಂದು ಚಮಚ, ಅಂದರೆ 5 ಮಿಲಿ, ಸಾದಾ ನೀರು 100 ಮಿಲಿ. ಚೆನ್ನಾಗಿ ಕಲಸಿ ಬಟ್ಟೆಯಲ್ಲಿ ಸೋಸಲೇಬೇಕು. ಒಂದು ಗಂಟು ಉಳಿದರೂ ಗಡಿ ದಾಟಿ ಕೆಳಗೆ ಎಳೆ ಬಿಡುತ್ತೆ, ಮೋಡಕ್ಕೆ ಬಾಲ ಬಂದ ಹಾಗೆ ಕಾಣುತ್ತೆ. ತೊಟ್ಟಿಗೆ ಬಿಡೋಕೆ ಮುಂಚೆ ಎರಡು ಗಾಜಿನ ಲೋಟದಲ್ಲಿ ನೋಡಿಕೊಳ್ಳಿ. ಸಾದಾ ನೀರಿನ ಲೋಟಕ್ಕೆ ಒಂದು ತೊಟ್ಟು ಬಿಟ್ಟರೆ ಅದು ನಿಧಾನವಾಗಿ ಇಳಿಯುತ್ತಾ ಉಂಗುರವಾಗಿ ಬಿಚ್ಚಿಕೊಳ್ಳುತ್ತೆ, ಆ ಉಂಗುರದಿಂದ ನಾಲ್ಕೈದು ಸಣ್ಣ ಕಾಲು ಇಳಿಬೀಳುತ್ತವೆ, ಪ್ರತಿ ಕಾಲಿನ ತುದಿಯಲ್ಲೂ ಮತ್ತೊಂದು ಪುಟ್ಟ ಉಂಗುರ. ಉಪ್ಪುನೀರಿನ ಲೋಟದಲ್ಲಿ ಅದೇ ತೊಟ್ಟು ಮೇಲೇ ಹರಡಿ ನಿಲ್ಲಬೇಕು. ಅಲ್ಲೂ ಮುಳುಗಿದರೆ ಬಣ್ಣಕ್ಕೆ ಇನ್ನಷ್ಟು ನೀರು ಸೇರಿಸಿ.

ಖರ್ಚು ಬೇಡ ಅಂದರೆ ಹಾಲೂ ಆಗುತ್ತೆ, ಆದರೆ ಹಾಗೇ ಹಾಕಬೇಡಿ. ಹಾಲಿನ ತೂಕ ಲೀಟರಿಗೆ 1030 ಗ್ರಾಂ ಹತ್ತಿರ, ನಿಮ್ಮ ಉಪ್ಪುನೀರಿಗೆ ಹೆಚ್ಚುಕಡಿಮೆ ಸಮ. ಅರ್ಧಕ್ಕರ್ಧ ನೀರು ಬೆರೆಸಿದರೆ ಸರಿಯಾಗಿ ನಡುವೆ ಬರುತ್ತೆ. ಪಕ್ಕದಿಂದ ಬೆಳಕು ಬಿದ್ದಾಗ ಹಾಲಿನ ಮೋಡದ ಅಂಚು ತಿಳಿನೀಲಿ ಆಗುತ್ತೆ. ನೋಡೋಕೆ ಚೆಂದ, ಆದರೆ ದಟ್ಟ ಬಿಳಿ ಬೇಕಿದ್ದರೆ ಪೋಸ್ಟರ್ ಕಲರೇ ಸರಿ. ಹಾಲು ಸಂಜೆಗೆ ನಾರುತ್ತೆ ಅನ್ನೋದೂ ನೆನಪಿರಲಿ.

ಚಿಂತಾಮಣಿ_ಪಾಠಶಾಲೆ (ಚಿಕ್ಕಬಳ್ಳಾಪುರ)

ಮೇಲಿನವರು ತೂಕದ ಲೆಕ್ಕ ಸರಿಯಾಗಿ ಕೊಟ್ಟಿದ್ದಾರೆ. ನೀರು ತುಂಬೋದರ ಬಗ್ಗೆ ನಾನು ಹೇಳ್ತೀನಿ, ಯಾಕಂದರೆ ಬಕೆಟ್ಟಿನಿಂದ ಎಷ್ಟೇ ನಿಧಾನವಾಗಿ ಸುರಿದರೂ ಎರಡು ನೀರು ಕಲಸಿಹೋಗುತ್ತೆ.

ಮೊದಲು ಖಾಲಿ ತೊಟ್ಟಿಯನ್ನು ಅದು ಕೊನೆಗೆ ಇರಬೇಕಾದ ಜಾಗದಲ್ಲೇ ಇಡಿ, ಅಡಿಗೆ ಒಂದಿಂಚು ಥರ್ಮಾಕೋಲ್ ಹಾಸಿ. ತುಂಬಿದ ಮೇಲೆ ನೀರೇ 55 ಕೆಜಿ ಆಗುತ್ತೆ. ಆಮೇಲೆ ಎತ್ತೋದಕ್ಕೋ ಜರುಗಿಸೋದಕ್ಕೋ ಹೋದರೆ ಸಿಲಿಕಾನ್ ಅಂಟಿನ ಜೋಡಣೆ ಬಿಟ್ಟುಕೊಳ್ಳುತ್ತೆ.

ಉಪ್ಪುನೀರು ಹಾಕಿ ಅದು ಅಲುಗಾಡೋದು ನಿಲ್ಲಲಿ. ತೊಟ್ಟಿಯ ಒಳಗಳತೆಗಿಂತ ಎಲ್ಲಾ ಕಡೆ ಒಂದು ಬೆರಳು ಚಿಕ್ಕದಾದ ಥರ್ಮಾಕೋಲ್ ಹಲಗೆ ಕತ್ತರಿಸಿ ನೀರಿನ ಮೇಲೆ ತೇಲಿಬಿಡಿ. ಸಾದಾ ನೀರಿನ ಕ್ಯಾನನ್ನು ಮೇಲೆ ಸ್ಟೂಲಿನ ಮೇಲಿಟ್ಟು, ತೆಳು ಪೈಪಿನ ತುದಿ ಆ ಹಲಗೆಯ ಮೇಲೆ ಅಡ್ಡ ಮಲಗಿರೋ ಹಾಗೆ ಅಂಟಿಸಿ. ನೀರು ಹಲಗೆಯ ಮೇಲೆ ಹರಿದು ಅಂಚಿನಿಂದ ಜಾರುತ್ತೆ, ಹಲಗೆಯೂ ಜೊತೆಗೇ ಮೇಲೇರುತ್ತೆ. ಮೊದಲ ಎರಡು ಮೂರು ಸೆಂಟಿಮೀಟರಿಗೆ ಹತ್ತು ನಿಮಿಷ ಕೊಡಿ. ಗಡಿ ಗಟ್ಟಿಯಾಗೋದು ಅಲ್ಲೇ. ಆಮೇಲೆ ಪೈಪು ಪೂರ್ತಿ ಬಿಟ್ಟರೂ ತೊಂದರೆ ಇಲ್ಲ. ಗಡಿ ಬಂದಿದೆಯಾ ನೋಡೋಕೆ ತೊಟ್ಟಿಯ ಹಿಂದೆ ಒಂದು ಪೆನ್ಸಿಲ್ ಓರೆಯಾಗಿ ಹಿಡಿಯಿರಿ. ಗಡಿ ಇರೋ ಕಡೆ ಅದು ಮುರಿದ ಹಾಗೆ ಕಾಣಬೇಕು.

ಅಲುಗಾಡಿಸದೆ ಬಿಟ್ಟರೆ ಗಡಿ ದಿನವಿಡೀ ಇರುತ್ತೆ. ಉಪ್ಪು ತಾನಾಗಿ ಹರಡೋದು ಬಹಳ ನಿಧಾನ, ಇಪ್ಪತ್ತನಾಲ್ಕು ಗಂಟೆಗೆ ಒಂದೆರಡು ಸೆಂಟಿಮೀಟರ್ ಮಾತ್ರ. ಕೆಡಿಸೋದು ಕೈ ಅದ್ದೋದು, ಮೇಜು ತಳ್ಳೋದು, ಬಿಸಿ ಹ್ಯಾಲೊಜೆನ್ ದೀಪ ಗಾಜಿಗೆ ಹತ್ತಿರ ಇಡೋದು.

ನೀರಿನ ವಿಷಯ: ನಮ್ಮ ಮೂರೂ ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಒಣಗಿದ ಕಡೆಯೆಲ್ಲ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತೆ, ಕ್ಯಾಮೆರಾದಲ್ಲಿ ಅದೇ ಎದ್ದು ಕಾಣುತ್ತೆ. ಊರಿನ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಮೂರು ಕ್ಯಾನ್ ತಂದುಕೊಳ್ಳಿ. ಹಿಂದಿನ ರಾತ್ರಿಯೇ ತಂದು ಮುಚ್ಚಳ ತೆಗೆದಿಡಿ, ಇಲ್ಲದಿದ್ದರೆ ನೀರು ಬೆಚ್ಚಗಾಗುತ್ತಾ ಒಳಗಿನ ಗಾಳಿ ಗುಳ್ಳೆಯಾಗಿ ಗಾಜಿಗೆ ಅಂಟುತ್ತೆ.

ಬಣ್ಣ ಬಿಡೋಕೆ ಮೆಡಿಕಲ್ ಶಾಪಿನಲ್ಲಿ ಸಿಗೋ ಹೊಸ ಗ್ಲೂಕೋಸ್ ಪೈಪು, ಸೂಜಿ ಇಲ್ಲದೆ. ತುದಿ ಗಡಿಗಿಂತ ಎರಡು ಸೆಂಟಿಮೀಟರ್ ಮೇಲಿರಲಿ, ಅಡ್ಡಕ್ಕೆ ಮುಖ ಮಾಡಿರಲಿ, ಕೆಳಮುಖ ಬೇಡ. ಆ ಪೈಪಿನ ಮೇಲಿರೋ ಉರುಳುಗಾಲಿ ಜರುಗಿಸಿದರೆ ಹರಿವು ಹಿಡಿತಕ್ಕೆ ಬರುತ್ತೆ. ಸಿರಿಂಜು ಒತ್ತಿದರೆ ರಭಸಕ್ಕೆ ಗಡಿ ಹರಿಯುತ್ತೆ.

ಮಕ್ಕಳಿಗೆ ವಿವರಿಸುವಾಗ ನಂದಿಬೆಟ್ಟ ತಗೊಳ್ಳಿ. ಚಳಿಗಾಲದ ಬೆಳಗ್ಗೆ 1478 ಮೀಟರ್ ಎತ್ತರದ ಮೇಲೆ ನಿಂತರೆ ಮಂಜು ಕೆಳಗೆ ಹಾಸಿರುತ್ತೆ, ಮೇಲೇರಲ್ಲ. ಅಲ್ಲೂ ಕೆಳಗೆ ತಣ್ಣನೆಯ ಭಾರದ ಗಾಳಿ, ಮೇಲೆ ಬೆಚ್ಚನೆಯ ಹಗುರ ಗಾಳಿ. ತೊಟ್ಟಿಯ ಪಾಠವೂ ಇದೇ, ಉಪ್ಪಿನ ಬದಲು ಅಲ್ಲಿ ತಾಪ.

ಕ್ಯಾತ್ಸಂದ್ರ_ವಿಜ್ಞಾನಕೂಟ (ತುಮಕೂರು)

ಇಬ್ಬರಿಗೂ ತುಂಬಾ ಧನ್ಯವಾದ. ಇವತ್ತು ಮೋಡ ನಿಂತಿತು! ತಳ ಗೆರೆ ಎಳೆದ ಹಾಗೆ ಚಪ್ಪಟೆ. ಈಗ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ತೆಗೆದರೆ ಚಿತ್ರ ಮಿನುಗುತ್ತೆ, ಗಾಜಿನಲ್ಲಿ ಮೊಬೈಲಿನ ನೆರಳೇ ಕಾಣುತ್ತೆ. ಮೋಡದೊಳಗೆ ಕೆಂಪು, ಹಳದಿ ಬೆಳಕು ಹೊಳೆಯೋದನ್ನು ಹೇಗೆ ಮಾಡೋದು?

ಬಂಗಾರಪೇಟೆ_ರೀಲು (ಕೋಲಾರ)

ಮಿನುಗೋದು ದೀಪದ ದೋಷ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತೆ. ಕಣ್ಣಿಗೆ ಗೊತ್ತಾಗಲ್ಲ, ಸೆಕೆಂಡಿಗೆ 120 ಚಿತ್ರ ತೆಗೆಯೋ ಕ್ಯಾಮೆರಾಗೆ ಗೊತ್ತಾಗುತ್ತೆ. ಬ್ಯಾಟರಿ ಟಾರ್ಚು ಇಲ್ಲವೇ 12 ವೋಲ್ಟ್ ಬ್ಯಾಟರಿಗೆ ಕೊಟ್ಟ ಎಲ್‌ಇಡಿ ಪಟ್ಟಿ ಬಳಸಿ. ಸ್ಲೋ ಮೋಷನ್ ಬಿಡಬೇಡಿ. ಅಂಗೈಯಗಲದ ಮೋಡ ತನ್ನ ವೇಗದಲ್ಲೇ ಓಡಿದರೆ ಪುಟ್ಟದು ಅಂತ ಗೊತ್ತಾಗಿಬಿಡುತ್ತೆ, ನಿಧಾನವಾದರೇ ಬೆಟ್ಟದಷ್ಟು ಕಾಣೋದು. ಫೋಕಸ್ಸು, ಬೆಳಕು ಎರಡನ್ನೂ ಲಾಕ್ ಮಾಡಿ.

ನೆರಳಿಗೆ: ತೊಟ್ಟಿಯ ಹಿಂದೆ ಕಪ್ಪು ಬಟ್ಟೆ, ಮುಂದೆ ಕಪ್ಪು ಚಾರ್ಟು, ಚಾರ್ಟಿನಲ್ಲಿ ಲೆನ್ಸಿನಷ್ಟೇ ತೂತು. ಬೆಳಕು ಪಕ್ಕದಿಂದಲೋ ಮೇಲಿನಿಂದಲೋ ಬರಲಿ, ಮುಂದಿನಿಂದ ಬೇಡವೇ ಬೇಡ.

ಒಳಗಿನ ಹೊಳಪಿಗೆ 3 ವೋಲ್ಟಿನ ಬಟನ್ ಸೆಲ್ಲು, ಒಂದು ಎಲ್‌ಇಡಿ, ಜಾಯಿಂಟುಗಳನ್ನು ಎಂ-ಸೀಲಿನಿಂದ ಮುಚ್ಚಿ ತೆಳು ಕಡ್ಡಿಯ ತುದಿಗೆ ಕಟ್ಟಿ. ಮೋಡದ ಹಿಂದಿನಿಂದ ಇಳಿಸಿ, ಒಳಕ್ಕೆ ಚುಚ್ಚಬೇಡಿ. 230 ವೋಲ್ಟಿನ ಯಾವ ತಂತಿಯೂ ಆ ಮೇಜಿನ ಹತ್ತಿರ ಬರಕೂಡದು. ಉಪ್ಪುನೀರು, ಸುತ್ತ ಮಕ್ಕಳು: ಇದರಲ್ಲಿ ರಾಜಿ ಇಲ್ಲ.

ಚಿತ್ರದಲ್ಲೂ ಮೋಡವನ್ನು ಬೇರೆಯಾಗಿ ತೆಗೆದು ಮನೆಯ ದೃಶ್ಯಕ್ಕೆ ಸೇರಿಸಿದ್ದು. ಹಾಗೆ ಒಂದರ ಮೇಲೊಂದು ಸೇರಿಸಿದಷ್ಟೂ ಫಿಲ್ಮ್ ಮಂಕಾಗುತ್ತೆ ಅಂತಲೇ ಚಿತ್ರದ ವಿಶೇಷ ದೃಶ್ಯಗಳನ್ನು ರೂಪಿಸಿದ ಡಗ್ಲಸ್ ಟ್ರಂಬಲ್ ಅವರ ತಂಡ ಇಂಥ ದೃಶ್ಯಗಳನ್ನು ಅಗಲವಾದ 65 ಎಂಎಂ ಫಿಲ್ಮಿನಲ್ಲಿ ತೆಗೆಯಿತು. ಹಾರೋ ತಟ್ಟೆಗಳ ಸುತ್ತಲಿನ ಪ್ರಭೆ ಬಂದಿದ್ದು ಹೊಗೆ ತುಂಬಿದ ಕೋಣೆಯಲ್ಲಿ ಮಾದರಿಗಳನ್ನು ಚಿತ್ರಿಸಿದ್ದರಿಂದ.

ಶಿರಾಗೇಟ್_ಶ್ರುತಿ (ತುಮಕೂರು)

ಐದು ಸ್ವರದ ಪ್ರಶ್ನೆ ಹಾಗೇ ಉಳಿಯಿತಲ್ಲ. ಚಿತ್ರಕ್ಕೆ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್ ಅವರ ಆ ಸಾಲು ನಮ್ಮ ಲೆಕ್ಕದಲ್ಲಿ ಚತುಶ್ರುತಿ ರಿಷಭ, ಅಂತರ ಗಾಂಧಾರ, ಷಡ್ಜ, ಮಂದ್ರ ಷಡ್ಜ, ಮಂದ್ರ ಪಂಚಮ. ಮಕ್ಕಳು ತಪ್ಪೋದು ನಾಲ್ಕನೆಯದರಲ್ಲಿ: ಅದೇ ಷಡ್ಜವನ್ನು ಮತ್ತೆ ಒತ್ತುತ್ತಾರೆ. ಒಂದು ಪೂರ್ತಿ ಸ್ಥಾಯಿ ಕೆಳಗೆ ಧುಮುಕಬೇಕು, ಅಲ್ಲಿಂದ ಪಂಚಮಕ್ಕೆ ಏರಬೇಕು. ಕೀಬೋರ್ಡಿನಲ್ಲಿ ಜಿ, ಎ, ಎಫ್, ಕೆಳಗಿನ ಎಫ್, ಸಿ. ಕಂಪನಾಂಕ 392, 440, 349, 175, 262 ಹರ್ಟ್ಸ್ ಹತ್ತಿರ. ಮೋಹನದಲ್ಲಿ ಈ ಸ್ವರಗಳೆಲ್ಲ ಇವೆ, ಆದರೆ ಗಮಕ ಬೇಡ, ಸ್ವರ ನೆಟ್ಟಗೆ ನಿಲ್ಲಲಿ. ಸಾಲು ಷಡ್ಜಕ್ಕೆ ಮರಳದೆ ಪಂಚಮದಲ್ಲೇ ನಿಲ್ಲೋದರಿಂದ ಪ್ರಶ್ನೆ ಕೇಳಿದ ಹಾಗಿರುತ್ತೆ. ಉತ್ತರ ಎದುರಿನವರಿಂದ ಬರಬೇಕು.

ಚಿತ್ರದಲ್ಲಿ ಅನ್ಯಲೋಕದವರ ದೊಡ್ಡ ನೌಕೆಯ ದನಿಗೆ ಟ್ಯೂಬಾ ಅನ್ನೋ ದಪ್ಪ ದನಿಯ ಊದುವಾದ್ಯ ಬಳಸಿದ್ದಾರೆ. ನಿಮ್ಮ ಕೀಬೋರ್ಡಿನಲ್ಲಿ ಜನರಲ್ ಮಿಡಿ, ಅಂದರೆ ವಾದ್ಯದ ದನಿಗಳಿಗೆ ಗೊತ್ತಾದ ನಂಬರು ಕೊಟ್ಟ ಪಟ್ಟಿ, ಇದ್ದರೆ ಮನುಷ್ಯರ ಕಡೆಗೆ 69, ಅಂದರೆ ಓಬೋ ಅನ್ನೋ ಊದುವಾದ್ಯ. ನೌಕೆಯ ಕಡೆಗೆ 59, ಟ್ಯೂಬಾ.

ಕೈಸನ್ನೆಯೂ ಸೇರಿಸಿ. ಚಿತ್ರದಲ್ಲಿ ವಿಜ್ಞಾನಿ ಲಕೋಂಬ್ ಪಾತ್ರ ಮಾಡಿರೋ ಫ್ರಾನ್ಸಿನ ನಿರ್ದೇಶಕ ತ್ರೂಫೋ ತೋರಿಸೋದು ಸಂಗೀತ ಪಾಠದ ಸನ್ನೆಗಳನ್ನೇ: ಷಡ್ಜಕ್ಕೆ ಮುಷ್ಟಿ, ರಿಷಭಕ್ಕೆ ಮೇಲ್ಮುಖವಾಗಿ ಓರೆಯಾದ ಅಂಗೈ, ಗಾಂಧಾರಕ್ಕೆ ನೆಲಕ್ಕೆ ಸಮಾನವಾದ ಕೈ, ಪಂಚಮಕ್ಕೆ ಎದೆಗೆ ಎದುರಾದ ಅಂಗೈ. ಮಂದ್ರ ಷಡ್ಜಕ್ಕೆ ಅದೇ ಮುಷ್ಟಿ, ಸೊಂಟಕ್ಕಿಂತ ಕೆಳಗೆ. ಕಥೆಯಲ್ಲಿ ಜನ ಈ ಸ್ವರ ಹಾಡೋದು ಉತ್ತರ ಭಾರತದಲ್ಲಿ, ಚಿತ್ರೀಕರಣ ಆದದ್ದು ಮಹಾರಾಷ್ಟ್ರದ ಖಾಲಾಪುರದ ಹತ್ತಿರದ ಹಾಳ್ ಅನ್ನೋ ಹಳ್ಳಿಯಲ್ಲಿ. ಮಕ್ಕಳಿಗೆ ಆ ತುಣುಕನ್ನೂ ತೋರಿಸಿ. ಎಲ್ಲರ ಬೆರಳೂ ಒಟ್ಟಿಗೆ ಆಕಾಶಕ್ಕೆ ಏಳೋ ಕ್ಷಣ ಅದರಲ್ಲಿದೆ.

ಚಿಂತಾಮಣಿ_ಪಾಠಶಾಲೆ (ಚಿಕ್ಕಬಳ್ಳಾಪುರ)

ಪ್ರದರ್ಶನ ದಿನವಿಡೀ ಅಂದರೆ ಇದೊಂದು ಬೇಕಾಗುತ್ತೆ. ನಾಲ್ಕೈದು ಸಲ ಬಣ್ಣ ಬಿಟ್ಟ ಮೇಲೆ ಗಡಿಯಲ್ಲಿ ಬಿಳಿ ಪದರ ಕೂರುತ್ತೆ. ಇಡೀ ತೊಟ್ಟಿ ಖಾಲಿ ಮಾಡಬೇಡಿ. ಪೈಪಿನ ತುದಿಯನ್ನು ಸರಿಯಾಗಿ ಆ ಪದರದ ಮಟ್ಟದಲ್ಲಿ ನಿಲ್ಲಿಸಿ, ಸಣ್ಣಗೆ ಹೊರಕ್ಕೆ ಹರಿಯಬಿಡಿ. ನಿಧಾನವಾಗಿ ಎಳೆದರೆ ಆ ಪದರವೇ ಮೊದಲು ಬರುತ್ತೆ, ಮೇಲಿನದೂ ಕೆಳಗಿನದೂ ಬಹುಪಾಲು ಹಾಗೇ ಉಳಿಯುತ್ತೆ. ರಭಸವಾದರೆ ಸುಳಿ ಎದ್ದು ಎರಡೂ ಸೇರಿ ಬರುತ್ತೆ. ಆಮೇಲೆ ಥರ್ಮಾಕೋಲ್ ಹಲಗೆ ಮತ್ತೆ ಇಟ್ಟು ಮೇಲೆ ಸಾದಾ ನೀರು ತುಂಬಿಕೊಳ್ಳಿ. ಉಪ್ಪುನೀರು ಕಡಿಮೆಯಾಗಿದ್ದರೆ ಇನ್ನೊಂದು ಪೈಪನ್ನು ತಳಕ್ಕೆ ಮುಟ್ಟಿಸಿ ಅಲ್ಲಿಂದ ನಿಧಾನವಾಗಿ ಬಿಡಿ, ತಾನೇ ಅಡಿಗೆ ಸೇರಿಕೊಳ್ಳುತ್ತೆ.

ಕೊನೆಗೆ ಉಳಿದ ಉಪ್ಪುನೀರನ್ನು ಶಾಲೆಯ ಗಿಡಗಳ ಬುಡಕ್ಕೆ ಸುರಿಯಬೇಡಿ, ಬಚ್ಚಲಿಗೆ ಬಿಡಿ.